ಪೂರ್ತಿ ಹದಿನಾರು ತೋರಿಸಿದ ಡಿಸ್ಕು

ನನ್ನ ಗಂಡ ಮದುವೆಯ ವಿಡಿಯೋ ತೆಗೆಯುವವರು. ಅದನ್ನು ಕತ್ತರಿಸಿ ಜೋಡಿಸುವವಳು ನಾನು. ಹೊನ್ನಾವರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಮನೆ. ಮನೆಯ ಎದುರಿನ ಕೋಣೆಯೇ ಸ್ಟುಡಿಯೋ. ಬೋರ್ಡಿನ ಮೇಲಿರುವುದು ಅವರ ಹೆಸರು, ಅವರ ಫೋನ್ ನಂಬರು. ಭಟ್ಕಳದಿಂದ ಕುಮಟಾದವರೆಗೆ ಯಾರ ಚಪ್ಪರಕ್ಕೆ ಹೋದರೂ ಜನ ಅವರನ್ನು ಗುರುತು ಹಿಡಿಯುತ್ತಾರೆ. ನಾನು ಯಾರಿಗೂ ಗೊತ್ತಿಲ್ಲ. ನನಗೆ ಮಾತ್ರ ಅವರೆಲ್ಲ ಗೊತ್ತು. ಧಾರೆಯ ಹೊತ್ತಿಗೆ ಯಾವ ತಾಯಿ ಕಂಬದ ಹಿಂದೆ ನಿಂತು ಅತ್ತಳು, ಯಾವ ಚಿಕ್ಕಪ್ಪ ಊಟದ ಪಂಕ್ತಿಯಲ್ಲಿ ಯಾರನ್ನು ಕಂಡು ಮುಖ ತಿರುಗಿಸಿದ, ಎಲ್ಲವನ್ನೂ ನಾನು ಕಂಪ್ಯೂಟರಿನ ಎದುರು ಕೂತು ನೋಡಿದ್ದೇನೆ. ಒಂದು ಸಲವಲ್ಲ, ಹತ್ತು ಸಲ.

ಒಂದು ಮದುವೆಯಲ್ಲಿ ಐದಾರು ಗಂಟೆ ಚಿತ್ರೀಕರಣವಾದರೆ ಮನೆಯವರ ಕೈಗೆ ಹೋಗುವುದು ಎರಡು ಗಂಟೆಯದು. ಉಳಿದದ್ದು ಕತ್ತರಿಸಿ ಬಿಟ್ಟದ್ದು. ಕತ್ತರಿಸುವ ಮೊದಲಿನ ಪೂರ್ತಿ ಮೂಲವನ್ನು ನಮ್ಮ ಕಸುಬಿನಲ್ಲಿ 'ರಾ' ಎನ್ನುತ್ತಾರೆ. ಅದನ್ನು ಇಟ್ಟುಕೊಳ್ಳಬೇಕು ಎಂಬುದು ನನ್ನ ಹಟ, ಅಳಿಸಿಬಿಡಬೇಕು ಎಂಬುದು ಅವರ ವಾದ. "ಗಿರಾಕಿಗೆ ಕೊಟ್ಟಾತು, ಇನ್ನು ಎಂತಕ್ಕೆ ಅದು? ಡಿಸ್ಕು ತುಂಬಿಸೂಕೆ?" ಎನ್ನುತ್ತಿದ್ದರು. ಆದರೂ ನಾನು ಇಡುತ್ತಾ ಹೋದೆ. ಹತ್ತು ವರ್ಷದಲ್ಲಿ ನೂರಕ್ಕೂ ಹೆಚ್ಚು ಮದುವೆ ಸೇರಿತು. ಕಂಪ್ಯೂಟರಿನ ಒಳಗಿನ ಡಿಸ್ಕಿನಲ್ಲಿ ಕೆಲವು, ಹೊರಗಿನಿಂದ ವೈರು ಹಾಕಿ ಜೋಡಿಸುವ ನಾಲ್ಕು ಡಿಸ್ಕುಗಳಲ್ಲಿ ಉಳಿದವು. ಪ್ರತಿ ಮದುವೆಗೂ ಒಂದು ನಂಬರು ಕೊಟ್ಟು ಫೋಲ್ಡರ್ ಮಾಡಿ, ನೋಟ್‌ಬುಕ್ಕಿನಲ್ಲಿ ಊರು, ತಾರೀಕು ಬರೆದಿಟ್ಟಿದ್ದೆ.

ಆ ಡಿಸ್ಕುಗಳಲ್ಲಿ ಮೊದಲನೆಯದನ್ನು ಭಟ್ಕಳದಲ್ಲಿ ತಂದಿದ್ದು. ಅಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬರಿದ್ದಾರೆ. ಕೊಲ್ಲಿಯ ಕಡೆ ಬಹಳ ವರ್ಷ ಇದೇ ಕೆಲಸ ಮಾಡಿ ಬಂದವರು. ಮನೆಮಾತು ನವಾಯತಿ, ಭಟ್ಕಳದ ಮುಸ್ಲಿಮರ ಕೊಂಕಣಿ. ನಾವು ಅವರನ್ನು ಭಾಯಿ ಎಂದೇ ಕರೆಯುವುದು. ಒಂದು ಟಿಬಿ ಎಂದು ಕೊಟ್ಟ ಡಿಸ್ಕನ್ನು ಮನೆಗೆ ತಂದು ಜೋಡಿಸಿದರೆ ಕಂಪ್ಯೂಟರಿನಲ್ಲಿ ಕಂಡದ್ದು ಒಂಬೈನೂರ ಮೂವತ್ತೊಂದು ಜಿಬಿ. ನನ್ನ ಗಂಡ ಮರುದಿನವೇ ನನ್ನನ್ನೂ ಕರೆದುಕೊಂಡು ಬೈಕಿನಲ್ಲಿ ಭಟ್ಕಳಕ್ಕೆ ಹೋದರು.

"ಸಾವಿರ ಹೇಳಿ ಕೊಟ್ರಿ, ಇದ್ರಲ್ಲಿ ಅರವತ್ತು ಎಪ್ಪತ್ತು ಕಮ್ಮಿ ಉಂಟು. ಎಂತಾತು ಅದು?" ಎಂದರು.

ಭಾಯಿ ನಕ್ಕರು. "ಕಮ್ಮಿ ಇಲ್ಲ ಅಣ್ಣ, ಎಣಿಸೂದು ಬೇರೆ. ಕಂಪನಿಯವರ ಸಾವಿರ ಅಂದ್ರೆ ಬರೀ ಸಾವಿರ. ಕಂಪ್ಯೂಟರಿನ ಸಾವಿರ ಅಂದ್ರೆ ಸಾವಿರದ ಇಪ್ಪತ್ನಾಲ್ಕು. ಸಂತೆಯಲ್ಲಿ ನೂರು ಮಾವಿನಮಿಡಿ ತಗೊಂಡ್ರೆ ಮೇಲೆ ಕೊಸರು ಹಾಕಿಸ್ಕೊಳ್ತೀರಲ್ಲ, ಹಾಗೆ. ಕಂಪನಿ ಕೊಸರಿಲ್ಲದೆ ಎಣಿಸ್ತದೆ, ಕಂಪ್ಯೂಟರ್ ಕೊಸರು ಸೇರಿಸಿ ಎಣಿಸ್ತದೆ. ಇರೂ ಮಿಡಿ ಅಷ್ಟೇ."

ನನ್ನ ಗಂಡನಿಗೆ ಅದು ಅಂಗಡಿಯವರ ಜಾಣತನದಂತೆ ಕೇಳಿಸಿತು. ನಾನು ಮನೆಗೆ ಬಂದು ಕಾಗದದ ಮೇಲೆ ಮಾಡಿ ನೋಡಿದೆ. ಒಂದು ಟಿಬಿ ಎಂದರೆ ಒಂದು ಲಕ್ಷ ಕೋಟಿ ಬೈಟ್. ಅದನ್ನು ಮೂರು ಸಲ ಸಾವಿರದ ಇಪ್ಪತ್ನಾಲ್ಕರಿಂದ ಭಾಗಿಸಿದಾಗ ಒಂಬೈನೂರ ಮೂವತ್ತೊಂದೇ ಬಂತು. ಕೆಬಿಯಿಂದ ಎಂಬಿಗೆ, ಎಂಬಿಯಿಂದ ಜಿಬಿಗೆ, ಪ್ರತಿ ಮೆಟ್ಟಿಲಿಗೂ ಅದೇ ಕೊಸರು. ಮೇಲೆ ಹೋದಷ್ಟೂ ಅಂತರ ದೊಡ್ಡದು. ಪಿಯುಸಿಯಲ್ಲಿ ಲೆಕ್ಕದ ಪರೀಕ್ಷೆ ಪಾಸಾದಾಗ ಆಗದ ಖುಷಿ ನನಗೆ ಆ ದಿನ ಆಯಿತು. ತೋರಿಸಿದರೆ ಅವರು, "ನಿಂಗೆ ಯಾರು ಎಂತ ಹೇಳ್ರೂ ಸಮ ಕಾಣ್ತದೆ" ಎಂದು ಎದ್ದು ಹೋದರು.

ಕಳೆದ ಮಳೆಗಾಲದ ಆರಂಭಕ್ಕೆ ಕಂಪ್ಯೂಟರಿನ ಒಳಗಿನ ಡಿಸ್ಕು ಸದ್ದು ಮಾಡತೊಡಗಿತು. ಕೂತ ಕಡೆಗೆ ಕೇಳುವ ಹಾಗೆ ಟಿಕ್ ಟಿಕ್ ಎಂದು ಹೊಡೆದುಕೊಳ್ಳುವುದು, ನಡುವೆ ಕಂಪ್ಯೂಟರ್ ಕಲ್ಲಿನಂತೆ ನಿಂತುಬಿಡುವುದು. ಹೊರಗಿನ ನಾಲ್ಕು ಡಿಸ್ಕುಗಳೂ ತುಂಬಿದ್ದವು. ಈ ಡಿಸ್ಕು ಬದಲಿಸಬೇಕು, ಅದರ ಮೊದಲು ಎಲ್ಲವನ್ನೂ ಬೇರೆ ಎರಡು ಕಡೆ ನಕಲು ಮಾಡಿಡಬೇಕು, ಭಾಯಿಯ ಹತ್ತಿರ ದೊಡ್ಡ ಡಿಸ್ಕು ಕೇಳೋಣ ಎಂದೆ. ಅವರು ಮೊಬೈಲಿನಲ್ಲಿ ಒಂದು ಜಾಹೀರಾತು ತೋರಿಸಿದರು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಡಿಸ್ಕು, ಹದಿನಾರು ಟಿಬಿ, ಭಾಯಿ ನಾಲ್ಕು ಟಿಬಿಗೆ ಹೇಳುವುದರ ಕಾಲುಭಾಗಕ್ಕೆ ಸಿಗುತ್ತದೆ. ಕಂಪನಿಯ ಹೆಸರು ನಾನು ಎಲ್ಲಿಯೂ ಕೇಳಿದ್ದಲ್ಲ.

"ಇಷ್ಟು ಸೋವಿಗೆ ಹೆಂಗೆ ಕೊಡ್ತಾರೆ?" ಎಂದೆ.

"ನಡುವೆ ಅಂಗಡಿಯವ್ರು ಇಲ್ಲ, ಅದ್ಕೆ. ನೀ ಸುಮ್ನಿರು."

ವಾರದೊಳಗೆ ಡಿಸ್ಕು ಬಂತು. ಕೈಗೆ ಭಾರವಾಗಿಯೇ ಇತ್ತು. ಜೋಡಿಸಿದಾಗ ಪರದೆಯ ಮೇಲೆ ಕಂಡದ್ದು ಪೂರ್ತಿ ಹದಿನಾರು ಟಿಬಿ. ಅವರು ಚಪ್ಪಾಳೆ ಹೊಡೆದರು. "ನೋಡು! ಒಂದು ಜಿಬಿ ಕಮ್ಮಿ ಇಲ್ಲ. ನಿನ್ನ ಭಾಯಿ ಕೊಸರಿನ ಕತೆ ಹೇಳಿ ಕಳ್ಸಿದ್ರು, ಇವ್ರು ಹೇಳ್ದಷ್ಟೂ ಕೊಟ್ಟಿದ್ದಾರೆ."

ನಿಜವಾದ ಹದಿನಾರು ಟಿಬಿ ಆಗಿದ್ದರೆ ಹದಿನಾಲ್ಕೂವರೆ ತೋರಿಸಬೇಕಿತ್ತು. ಆ ಲೆಕ್ಕ ನನಗೆ ಗೊತ್ತಿತ್ತು. ಬಾಯಿಯ ತನಕ ಬಂತು. "ಇದು ಸರಿ ಇಲ್ಲ ಕಾಣ್ತದೆ" ಎಂದೆ ಅಷ್ಟೇ. ಅವರು ಮುಖ ಬಿಗಿದುಕೊಂಡದ್ದು ನೋಡಿ ಅಲ್ಲಿಗೆ ನಿಲ್ಲಿಸಿದೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಎಲ್ಲಿ ನಿಲ್ಲಿಸಬೇಕು ಎಂಬುದು ಅಭ್ಯಾಸವಾಗಿಬಿಟ್ಟಿತ್ತು. ಆ ಅಭ್ಯಾಸಕ್ಕೆ ನಾನು ಸಂಸಾರ ತೂಗಿಸುವುದು ಎಂದು ಹೆಸರಿಟ್ಟುಕೊಂಡಿದ್ದೆ.

ನಕಲು ಮಾಡುವುದಕ್ಕೆ ಇಪ್ಪತ್ತು ದಿನ ಹಿಡಿಯಿತು. ಬೆಳಿಗ್ಗೆ ತಿಂಡಿ ಮುಗಿಸಿ ಹಚ್ಚಿದರೆ ಸಂಜೆ ದೀಪ ಹಚ್ಚುವವರೆಗೆ ಓಡುತ್ತಿತ್ತು. ಮಳೆಗೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಮೊದಲ ಎರಡು ಮದುವೆ ಹೋದ ಮೇಲೆ ತೆರೆದು ನೋಡಿದೆ, ಚೆನ್ನಾಗಿ ಓಡಿದವು. ಆಮೇಲೆ ಒಂದೊಂದನ್ನೂ ತೆರೆಯುವ ಗೋಜಿಗೆ ಹೋಗಲಿಲ್ಲ. ಫೋಲ್ಡರುಗಳ ಹೆಸರು, ಎಷ್ಟು ಫೈಲು, ಎಷ್ಟು ಜಿಬಿ ಎಂದು ಆಚೆಯದನ್ನೂ ಈಚೆಯದನ್ನೂ ತಾಳೆ ನೋಡಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಎಲ್ಲವೂ ಸರಿಹೊಂದಿತು. ಈ ತಪ್ಪು ಗಂಡನದಲ್ಲ, ನನ್ನದು.

ಒಳಗಿನ ಡಿಸ್ಕು ಬದಲಿಸಲು ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ಭಟ್ಕಳಕ್ಕೆ ಒಯ್ದೆವು. ಭಾಯಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುತ್ತಾ, "ಇದ್ರಲ್ಲಿ ಇದ್ದದ್ದೆಲ್ಲ ಬೇರೆ ಕಡೆ ತೆಗ್ದಿಟ್ಟೀರಲ್ಲ?" ಎಂದು ಕೇಳಿದರು.

"ಹದಿನಾರು ಟಿಬಿದು ತಗೊಂಡೆ" ಎಂದರು ನನ್ನ ಗಂಡ.

ಭಾಯಿಯ ಕೈ ನಿಂತಿತು. "ಹದಿನಾರಾ? ಎಲ್ಲಿಂದ ತರಿಸಿದ್ರಿ? ಒಮ್ಮೆ ನಂಗೆ ತೋರಿಸಿ ಅಣ್ಣ. ಅಲ್ಲಿತನಕ ಹಳೇದು ಯಾವ್ದೂ ಅಳಿಸ್ಬೇಡಿ."

"ತೋರ್ಸುವ, ತೋರ್ಸುವ" ಎಂದರು ಇವರು. ಹೊರಗೆ ಬಂದ ಮೇಲೆ, "ತಮ್ಮ ಹತ್ರ ತಗೊಳ್ಳಿಲ್ಲ ಹೇಳಿ ಹೊಟ್ಟೆಉರಿ" ಎಂದರು. ಸಾಯುತ್ತಿದ್ದ ಹಳೆಯ ಡಿಸ್ಕು ಆ ವಾರವೇ ಕೆಟ್ಟ ಮಾನಿಟರಿನ ಜೊತೆ ಗುಜರಿಯವನ ಗಾಡಿ ಸೇರಿತು. ದೀಪಾವಳಿಯ ನಂತರ ಮದುವೆಗಳು ಶುರುವಾಗುವ ಹೊತ್ತಿಗೆ ಖಾಲಿ ಜಾಗ ಬೇಕೆಂದು ನಾಲ್ಕೂ ಡಿಸ್ಕುಗಳನ್ನು ಅವರೇ ಕೂತು ಫಾರ್ಮ್ಯಾಟ್ ಮಾಡಿದರು. ಒಂದೆರಡು ಹೊಸ ಮದುವೆಗಳನ್ನು ಅವುಗಳ ಮೇಲೆಯೇ ತುಂಬಿದ್ದಾಯಿತು.

ಅವಳು ಬಂದದ್ದು ಆಗ. ಕುಮಟಾದ ಆಚೆ ಬಾಡದಿಂದ, ಐದು ವರ್ಷದ ಮಗಳನ್ನು ಕರೆದುಕೊಂಡು. ನಾನು ಅವಳನ್ನು ಕಂಡ ಕೂಡಲೇ ಗುರುತು ಹಿಡಿದೆ, ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಏಳು ವರ್ಷದ ಹಿಂದೆ ಅವಳ ಮದುವೆಯ ವಿಡಿಯೋ ಮಾಡಿದ್ದೆವು. ಗಂಡ ಮೀನುಗಾರ, ಬೇರೆಯವರ ದೋಣಿಗೆ ಹೋಗುತ್ತಿದ್ದವನು. ಎರಡು ವರ್ಷದ ಹಿಂದೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿದ ಮೊದಲ ವಾರದಲ್ಲೇ ಅಘನಾಶಿನಿಯ ಅಳಿವೆಯಲ್ಲಿ, ನದಿ ಸಮುದ್ರ ಸೇರುವ ಜಾಗದಲ್ಲಿ, ದೋಣಿ ಮಗುಚಿ ಸತ್ತುಹೋಗಿದ್ದ. ಹೆಣ ಸಿಕ್ಕಿದ್ದು ಮೂರನೆಯ ದಿನ.

ಅವಳು ಪ್ಲಾಸ್ಟಿಕ್ ಕವರಿನಿಂದ ಡಿವಿಡಿ ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕಾ, ಇದು ಓಡ್ತದೆ. ಆದ್ರೆ ಇದ್ರಲ್ಲಿ ಅವ್ರು ಮಾತಾಡೂದೇ ಇಲ್ಲ. ಬಾಯಿ ಅಲ್ಲಾಡ್ತದೆ, ಮೇಲಿಂದ ಸಿನೆಮಾ ಹಾಡು. ಬಾಗಿಲಲ್ಲಿ ಹೆಸರು ಹೇಳೂ ಶಾಸ್ತ್ರ ಮಾಡ್ಸಿದ್ರಲ್ಲ, ಅವ್ರು ಎಂತೋ ಹೇಳಿ ಎಲ್ಲರೂ ನಗಾಡಿದ್ರು. ಅದು ನಿಮ್ಮ ಹತ್ರ ಇರ್ತದೆ ಹೇಳಿ ಯಾರೋ ಹೇಳಿದ್ರು. ಇವ್ಳು ದಿನಾ ಕೇಳ್ತಾಳೆ, ಅಪ್ಪ ಹೆಂಗೆ ಮಾತಾಡ್ತಿದ್ದ ಹೇಳಿ. ಮೊಬೈಲು ಅವ್ರ ಸಂಗ್ತಿಗೇ ಹೋಯ್ತು."

ಆ ದೃಶ್ಯ ನನಗೆ ನೆನಪಿತ್ತು. ಮದುಮಗಳನ್ನು ಮನೆ ತುಂಬಿಸಿಕೊಳ್ಳುವ ಹೊತ್ತು. ಅವನ ಅಕ್ಕತಂಗಿಯರು ಬಾಗಿಲಿಗೆ ಅಡ್ಡ ನಿಂತು, ಪದ್ಯದಲ್ಲಿ ಸೇರಿಸಿ ಹೆಂಡತಿಯ ಹೆಸರು ಹೇಳು ಎಂದು ಹಟ ಹಿಡಿದಿದ್ದರು. ಅವನು ನಾಚಿ, ಕೊರಳು ಕೆರೆದುಕೊಳ್ಳುತ್ತಾ, "ನಂಗೆ ಒಡಪು ಗಿಡಪು ಬರೂದಿಲ್ಲ. ನಂದೇ ಒಂದು ದೋಣಿ ಮಾಡ್ತೆ, ಅದ್ಕೆ ಇವ್ಳ ಹೆಸರೇ ಇಡ್ತೆ. ಆಮೇಲೆ ದಿನಾ ಕೂಗ್ತೆ, ಕೇಳಿ" ಎಂದಿದ್ದ. ಚಪ್ಪರವೆಲ್ಲ ನಕ್ಕಿತ್ತು. ಸ್ವಲ್ಪ ಒಡೆದ ದನಿ ಅವನದು, ಗಾಳಿಗೆ ಕೂಗಿ ಕೂಗಿ ಒರಟಾದದ್ದು. ಕತ್ತರಿಸುವಾಗ ನನ್ನ ಗಂಡ ಹಿಂದೆ ನಿಂತು, "ಬರೀ ಗಲಾಟೆ ಅದು, ಹಾಡು ಹಾಕು" ಎಂದಿದ್ದರು. ನಾನು ಹಾಕಿದ್ದೆ. ಆದರೆ ರಾ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

"ಇದೆ, ಕೂತ್ಕೋ" ಎಂದೆ. ಎಷ್ಟು ಧೈರ್ಯದಿಂದ ಹೇಳಿದೆ! ಹತ್ತು ವರ್ಷ ಬೈಸಿಕೊಂಡು ಇಟ್ಟದ್ದು ಒಬ್ಬರಿಗಾದರೂ ಬೇಕಾಯಿತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ನೋಟ್‌ಬುಕ್ಕಿನಲ್ಲಿ ನಂಬರು ನೋಡಿ, ಹದಿನಾರು ಟಿಬಿಯ ಡಿಸ್ಕು ಜೋಡಿಸಿ, ಫೋಲ್ಡರ್ ತೆರೆದೆ. ಫೈಲುಗಳೆಲ್ಲ ಸಾಲಾಗಿ ಇದ್ದವು. ಒತ್ತಿದೆ. ತೆರೆಯಲಿಲ್ಲ. ಮುಂದಿನದು, ಅದೂ ಇಲ್ಲ. ಬೇರೆ ಪ್ಲೇಯರಿನಲ್ಲಿ ಹಾಕಿದೆ, ಕಪ್ಪು ಪರದೆ. ಪಕ್ಕದ ಮದುವೆಯ ಫೋಲ್ಡರ್ ತೆರೆದೆ. ಅದರ ಹಿಂದಿನದು, ಅದರ ಹಿಂದಿನದು. ಮಗು ನನ್ನ ಕುರ್ಚಿಗೆ ಒರಗಿ ನಿಂತು ಪರದೆ ನೋಡುತ್ತಿತ್ತು.

"ಕಂಪ್ಯೂಟರ್ ಸ್ವಲ್ಪ ತೊಂದರೆ ಕೊಡ್ತಾ ಇದೆ. ನಾಲ್ಕು ದಿನ ಬಿಟ್ಟು ಬಾ" ಎಂದು ಕಳಿಸಿದೆ. ಅವಳು "ಅಡ್ಡಿಲ್ಲ ಅಕ್ಕಾ" ಎಂದು ಡಿವಿಡಿಯನ್ನು ಮತ್ತೆ ಕವರಿಗೆ ಹಾಕಿಕೊಂಡಳು.

ಮರುದಿನ ಗಂಡನಿಗೆ ಹೇಳದೆ ಬಸ್ಸು ಹತ್ತಿದೆ. ಭಾಯಿ ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ, ಒಂದು ಪ್ರೋಗ್ರಾಮ್ ಹಚ್ಚಿ ಪರೀಕ್ಷಿಸಿದರು. ಆಮೇಲೆ "ಬಿಚ್ಲಾ?" ಎಂದು ಕೇಳಿ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಕವಚ ಬಿಡಿಸಿದರು. ಒಳಗೆ ಬೆರಳುಗುರಿನಷ್ಟು ಒಂದು ಮೆಮೊರಿ ಕಾರ್ಡು, ಮೊಬೈಲಿಗೆ ಹಾಕುವಂಥದ್ದು, ಗೋಂದು ಹಾಕಿ ಅಂಟಿಸಿತ್ತು. ಭಾರ ಬರಲೆಂದು ಪಕ್ಕದಲ್ಲಿ ಒಂದು ಕಬ್ಬಿಣದ ತುಂಡು. ಬೇರೆ ಏನೂ ಇರಲಿಲ್ಲ.

"ಅರವತ್ನಾಲ್ಕು ಜಿಬಿ" ಎಂದರು ಭಾಯಿ. "ಹದಿನಾರು ಟಿಬಿ ಹೇಳಿ ಸುಳ್ಳು ಹೇಳೂಕೆ ಇದ್ಕೆ ಕಲ್ಸಿಟ್ಟಿದ್ದಾರೆ. ಅರವತ್ನಾಲ್ಕು ತುಂಬೂವರೆಗೆ ಸರಿ ಬರ್ಕೊಳ್ತದೆ. ಆಮೇಲೆ ಬಂದದ್ದನ್ನೆಲ್ಲ ಎಸೀತದೆ, ಹೆಸರು ಮಾತ್ರ ಪಟ್ಟಿಯಲ್ಲಿ ಬರ್ಕೊಳ್ತದೆ. ರೇಷನ್ ಕಾರ್ಡಿನಲ್ಲಿ ಹೆಸರಿದ್ದು ಮನೆಯಲ್ಲಿ ಜನ ಇಲ್ಲದ ಹಾಗೆ."

"ತೆಗೀಲಿಕ್ಕೆ ಬರೂದೇ ಇಲ್ವಾ ಭಾಯಿ? ಎಲ್ಲಿಗಾದ್ರೂ ಕಳ್ಸಿದ್ರೆ?"

"ಅಕ್ಕಾ, ಅಳಿಸಿದ್ದಾದ್ರೆ ತೆಗೀಬಹುದು. ಇದ್ರಲ್ಲಿ ಬರ್ಕೊಂಡೇ ಇಲ್ಲ. ಹಳೇ ಡಿಸ್ಕು ಎಲ್ಲಿ?"

ನಾನು ಹೇಳಿದೆ. ಅವರು ತಲೆ ತಗ್ಗಿಸಿ ಕವಚವನ್ನು ಮೊದಲಿನಂತೆ ಮುಚ್ಚಿದರು. 'ನಾನು ಆಗಲೇ ಹೇಳಿದ್ದೆ' ಎಂದು ಅನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಫಾರ್ಮ್ಯಾಟ್ ಮಾಡಿದ ನಾಲ್ಕು ಡಿಸ್ಕುಗಳನ್ನು ಇನ್ನು ಮುಟ್ಟದೆ ತಂದುಕೊಡಿ, ನೋಡೋಣ ಎಂದರು. ಆ ವಾರವೇ ಒಯ್ದುಕೊಟ್ಟೆ. ಇಪ್ಪತ್ತು ಮೂವತ್ತು ಮದುವೆಗಳ ಚೂರುಪಾರು ಸಿಕ್ಕಿತು. ಅವಳದು ಗುಜರಿಗೆ ಹೋದ ಡಿಸ್ಕಿನಲ್ಲಿತ್ತು. ಹದಿನಾರು ಟಿಬಿಯದರಲ್ಲಿ ಪೂರ್ತಿಯಾಗಿ ಉಳಿದದ್ದು ಎರಡೇ ಮದುವೆ. ನನ್ನ ಗಂಡ ಹೊಸದಾಗಿ ಕ್ಯಾಮೆರಾ ಹಿಡಿದಾಗಿನವು, ಅರ್ಧಕ್ಕರ್ಧ ಜನರ ತಲೆಯೇ ಇಲ್ಲ.

ಗಂಡನಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. ಕವಚ ಬಿಡಿಸಿ ಕಾರ್ಡು ತೋರಿಸಿದೆ. ಕೈಗೆ ತೆಗೆದುಕೊಂಡು ಅದರ ಮೇಲೆ ಬೆರಳಾಡಿಸಿದರು. ಅಳುತ್ತಾರೆ ಎಂದುಕೊಂಡೆ. ಅವರು ಹೇಳಿದ್ದು ಇಷ್ಟು: "ಯಾರಿಗೂ ಹೇಳೂದು ಬೇಡ. ಸೀಸನ್ ಶುರು ಆಗ್ತಾ ಉಂಟು. ಹೆಸರು ಹಾಳಾಗ್ತದೆ."

"ಬಾಡದವಳು ಬರ್ತಾಳೆ."

"ನಾವು ರಾ ಇಟ್ಕೊಳ್ಳೂದಿಲ್ಲ ಹೇಳಿದ್ರೆ ಆತು. ಯಾವ ಸ್ಟುಡಿಯೋದವ್ರು ಇಟ್ಕೊಳ್ತಾರೆ?"

"ನಾ ಇದೆ ಹೇಳಿದ್ದೆ ಅವ್ಳ ಹತ್ರ."

"ನಿಂಗೆ ಗೊತ್ತಿಲ್ದೆ ಹೇಳಿದ್ದು. ನಿಂಗೆ ಎಂತ ಗೊತ್ತಿರ್ತದೆ ಹೇಳ್ತೆ ನಾನು."

ನಾಲ್ಕನೆಯ ದಿನ ಅವಳು ಬಂದಾಗ ಬಾಗಿಲಲ್ಲೇ ಅವರು ಹಾಗೇ ಹೇಳಿದರು. ದನಿಯಲ್ಲಿ ಕರುಣೆಯಿತ್ತು, ಅದು ಸುಳ್ಳಿನ ಕರುಣೆ ಎಂದು ಹೇಳಲಾರೆ. ನಾನು ಒಳಗೆ ಕಂಪ್ಯೂಟರಿನ ಮುಂದೆ ಬೆನ್ನು ಹಾಕಿ ಕೂತಿದ್ದೆ. "ಆ ಅಕ್ಕ ಇದೆ ಹೇಳಿದ್ರು" ಎಂದಳು ಅವಳು. "ಅವ್ಳಿಗೆ ಗೊತ್ತಿರ್ಲಿಲ್ಲ" ಎಂದರು ಇವರು. ನಾನು ತಿರುಗಲಿಲ್ಲ. ಅವಳ ಚಪ್ಪಲಿಯ ಸದ್ದು ಗೇಟಿನವರೆಗೆ ಕೇಳಿತು, ನಡುವೆ ಮಗುವಿನ ಓಡುಹೆಜ್ಜೆ.

ಹನ್ನೊಂದು ದಿನ ಹಾಗೇ ಕಳೆದೆ. ಹನ್ನೆರಡನೆಯ ದಿನ ಬೆಳಿಗ್ಗೆ ಕುಮಟಾಕ್ಕೆ ಹೋಗಿ, ಅಲ್ಲಿಂದ ಟೆಂಪೋ ಹಿಡಿದು ಬಾಡಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಆ ಅಂಗಳವನ್ನು ಪರದೆಯ ಮೇಲೆ ಎಷ್ಟೋ ಸಲ ನೋಡಿದ್ದೆ. ಅವಳ ಅತ್ತೆ ಒಣಗಲು ಹಾಕಿದ ಮೀನಿನ ಹತ್ತಿರ ಕಾಗೆ ಓಡಿಸುತ್ತಾ ಕೂತಿದ್ದಳು. ಮಗು ಅಂಗನವಾಡಿಗೆ ಹೋಗಿತ್ತು. ಅವಳು ನೀರು ತಂದುಕೊಟ್ಟಳು. ನಾನು ಕುಡಿಯುವ ಮೊದಲೇ ಎಲ್ಲ ಹೇಳಿದೆ. ಡಿಸ್ಕು, ಸುಳ್ಳು ಅಳತೆ, ಗುಜರಿ, ನನ್ನ ಗಂಡ ಹೇಳಿದ್ದು, ನಾನು ಸುಮ್ಮನಿದ್ದದ್ದು. ಡಿವಿಡಿಯಲ್ಲಿ ಅವನ ದನಿಯ ಮೇಲೆ ಹಾಡು ಹಾಕಿದ್ದು ನನ್ನ ಕೈ ಎಂಬುದನ್ನೂ.

ಅವಳು ಕಂಬಕ್ಕೆ ಒರಗಿ ಕೇಳಿದಳು. ಮಾತು ನಿಂತ ಮೇಲೆ ನನಗೆ ಭಯವಾಗಿ, ಏನಾದರೂ ಕೊಡಬೇಕೆನಿಸಿ, "ಅವ್ನು ಹೇಳಿದ್ದು ನಂಗೆ ನೆನಪುಂಟು. ಒಂದಕ್ಷರ ಬಿಡದೆ ಹೇಳ್ತೆ, ಬರ್ಕೊಡ್ತೆ ಬೇಕಾದ್ರೆ" ಎಂದು ಶುರು ಮಾಡಿದೆ. ನಂದೇ ಒಂದು ದೋಣಿ ಮಾಡ್ತೆ ಎನ್ನುವಷ್ಟರಲ್ಲಿ ಅವಳು ಕೈ ಎತ್ತಿದಳು.

"ಬೇಡ ಅಕ್ಕಾ. ಮಾತು ನಂಗೂ ಗೊತ್ತುಂಟು. ನಾ ಅಲ್ಲೇ ನಿಂತಿದ್ದೆ. ನಂಗೆ ಬೇಕಾದ್ದು ದನಿ."

ಅಂಗಳದಿಂದ ಅತ್ತೆ, "ಎಂತಂತೆ ಅದು? ಸಿಕ್ತಂತಾ?" ಎಂದು ಕೇಳಿದಳು. ಇವಳು ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆಯೇ, "ಅವತ್ತು ಇಲ್ಲ ಹೇಳಿದ್ರಿ, ಹೋಗ್ಲಿ ಇಲ್ಲ ಹೇಳಿ ಬಿಟ್ಟಿದ್ದೆ. ಇವತ್ತು ಬಂದು, ಇತ್ತು, ನಾವೇ ಕಳದ್ವು ಹೇಳ್ತ್ರಿ. ಇದ್ನ ಹೇಳಿ ನಿಮ್ಗೆ ಹಗುರ ಆತು. ನಾ ಇನ್ನು ಇದ್ನ ಎಲ್ಲಿ ಇಡ್ಲಿ?" ಎಂದಳು.

ನಾನು ಎದ್ದು ಬಂದೆ. ಸತ್ಯ ಹೇಳಿದರೆ ಎದೆ ತಣ್ಣಗಾಗುತ್ತದೆ ಎಂದು ನಂಬಿ ಹೋಗಿದ್ದೆ. ಆ ಸತ್ಯ ಯಾರಿಗಾಗಿ ಎಂದು ದಾರಿಯಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಬಾಡಕ್ಕೆ ಹೋದದ್ದು ಗಂಡನಿಗೆ ಗೊತ್ತಾಯಿತು. ಈ ಕಡೆ ಯಾವ ಸುದ್ದಿಯೂ ಅಡಗುವುದಿಲ್ಲ. ಕುಮಟಾದ ಎರಡು ಮದುವೆ ಕೈ ತಪ್ಪಿತು. ಅದಕ್ಕೆ ನಾನೇ ಕಾರಣ ಎಂದು ಅವರು ಎರಡು ತಿಂಗಳು ಮಾತು ಬಿಟ್ಟರು. ಈಗ ಮಾತಾಡುತ್ತಾರೆ, ಯಾವ ಹಾಡು, ಎಷ್ಟು ನಿಮಿಷ ಎನ್ನುವಷ್ಟು. ಡಿಸ್ಕು ಭಾಯಿಯ ಅಂಗಡಿಯಿಂದಲೇ ಬರುತ್ತದೆ, ನಾನೇ ಹೋಗಿ ತರುತ್ತೇನೆ. ಪ್ರತಿ ಮದುವೆಯನ್ನೂ ಎರಡು ಕಡೆ ಹಾಕಿ, ಪ್ರತಿ ಫೈಲನ್ನೂ ತೆರೆದು ಕೊನೆಯವರೆಗೆ ಓಡಿಸಿ ನೋಡುತ್ತೇನೆ. ಯಾರ ದನಿಯ ಮೇಲೂ ಹಾಡು ಹಾಕುವುದಿಲ್ಲ. ಕೆಲವರು ವಿಡಿಯೋದಲ್ಲಿ ಬರೀ ಗಲಾಟೆ ಎಂದು ದೂರು ಕೊಟ್ಟಿದ್ದಾರೆ.

ಅವಳು ಈಗ ಕುಮಟಾದ ಮೀನು ಮಾರ್ಕೆಟ್ಟಿನಲ್ಲಿ ಕೂರುತ್ತಾಳೆ. ಕೆಲಸಕ್ಕೆ ಆ ಕಡೆ ಹೋದಾಗ ನಾನು ಆಚೆ ಸಾಲಿನಿಂದ ಸುತ್ತಿ ಹೋಗುತ್ತಿದ್ದೆ. ಮೊನ್ನೆ ಜನರ ನಡುವೆ ಸಿಕ್ಕಿಬಿದ್ದು ಅವಳ ಬುಟ್ಟಿಯ ಎದುರೇ ನಿಂತುಬಿಟ್ಟೆ. ಅವಳು ತಲೆ ಎತ್ತಿ ನೋಡಿದಳು. ಗುರುತು ಸಿಕ್ಕಿತು ಎಂದು ಕಣ್ಣಿನಲ್ಲೇ ಗೊತ್ತಾಯಿತು.

"ಬಂಗಡೆ ಹೊಸ್ತು ಉಂಟು. ಹಾಕ್ಲಾ?" ಎಂದಳು, ಪಕ್ಕದ ಗಿರಾಕಿಗೆ ಕೇಳಿದಂಥದೇ ದನಿಯಲ್ಲಿ.

ಹಾಕು ಎಂದೆ. ಅವಳು ಎಣಿಸಿ ಚೀಲಕ್ಕೆ ಹಾಕಿ ಕೊಟ್ಟಳು. ನಾನು ಮಗಳು ಹೇಗಿದ್ದಾಳೆ ಎಂದು ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಹಿಂದೆ ನಿಂತವರ ಕಡೆ ನೋಡಿ, "ನಿಮ್ಗೆ ಎಂತ?" ಎಂದು ಕೇಳಿಯಾಗಿತ್ತು.